ಉಣ್ಣುವ ಕೈ, ಉಣಿಸುವ ಚಮಚ

“ಮೇಡಂ, ನಿಮ್ಮ ಪೇಷೆಂಟು ಚಮಚ ಕಚ್ಚಿ ಹಿಡದಾರ್ರಿ. ಬಿಡವಲ್ರು!”

ಕಳೆದ ಮಂಗಳವಾರ ಬೆಳಗ್ಗೆ ಬಂದ ಫೋನು ಇದು. ಮಾತನಾಡಿದವರು ರಾಯದುರ್ಗದ ಒಂದು ವೃದ್ಧಾಶ್ರಮದ ಮ್ಯಾನೇಜರ್. (ತೆಲುಗಿನಲ್ಲಿ ಶುರು ಮಾಡಿದ್ದರು. ನಾನು ‘ಯಾರು?’ ಅಂದ ಮೇಲೆ ಕನ್ನಡಕ್ಕೆ ಬಂದರು. ಆಂಧ್ರದ ಗಡಿಯ ನಮ್ಮ ಕಡೆ ದೂರು ಹೇಳುವುದಕ್ಕೂ ಎರಡು ಭಾಷೆ.) ಪೇಷೆಂಟ್ ಎಂದರೆ ನಮ್ಮ ಲಿಂಗಮ್ಮ ಚಿಕ್ಕಮ್ಮ, ನನ್ನ ಅಮ್ಮನ ತಂಗಿ. ಅವಳಿಗೆ ಇರುವುದೇ ನಾಲ್ಕು ಹಲ್ಲು. ಅಷ್ಟರಲ್ಲೇ ಸ್ಟೀಲ್ ಚಮಚ ಕಚ್ಚಿ ಹಿಡಿದಿದ್ದಾಳೆಂದರೆ ಸಿಟ್ಟು ಎಷ್ಟಿರಬೇಕು, ನೀವೇ ಹೇಳಿ.

ಮ್ಯಾನೇಜರ್ ಅಲ್ಲಿಗೇ ನಿಲ್ಲಿಸಲಿಲ್ಲ. “ಊಟ ಒಲ್ಲೆ ಅಂತಾರ್ರಿ. ವೇಟ್ ಇಳದೈತಿ. ಹಿಂಗಾದ್ರ ಮೂಗಿಗೆ ಪೈಪ್ ಹಾಕಬೇಕಾಗತೈತಿ ಅಂತ ಡಾಕ್ಟ್ರು ಹೇಳ್ಯಾರ. ಸಂಜಿಗೆ ಆಸ್ಪತ್ರಿಗೆ ಒಯ್ಯೋಣು. ಮನಿಯವರು ಯಾರರೆ ಬಂದು ಸೈನ್ ಮಾಡ್ರಿ.”

ಮನೆಯವರು ಎಂದರೆ ಮೊದಲು ಮಗಳು ಸುಜಾತ. ಅವಳು ರಾಯದುರ್ಗದಲ್ಲೇ ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಕೆಲಸ ಮಾಡುತ್ತಾಳೆ. ಡ್ಯೂಟಿಯಲ್ಲಿ ಫೋನ್ ಮುಟ್ಟುವಂತಿಲ್ಲ. ಹಾಗಾಗಿ ಎರಡನೇ ನಂಬರ್, ಅಂದರೆ ಮಡಕಶಿರದ ನಾನು. ಕೈಗೆ ಸಿಕ್ಕ ಸೀರೆ ಸುತ್ತಿಕೊಂಡು ಹೊರಟೆ. ಕಲ್ಯಾಣದುರ್ಗದಲ್ಲಿ ಬಸ್ ಬದಲಿಸುವಾಗಲೂ ಒಂದೇ ಯೋಚನೆ. ಅಗಳಿ ಊರಿನ ಬೀಳುಭೂಮಿಯಲ್ಲಿ ಕುರಿ ಕಾಯುತ್ತಾ ಹಸಿವಾದಲ್ಲೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದವಳಿಗೆ ಮೂಗಿನಲ್ಲಿ ಪೈಪಾ?

ಚಿಕ್ಕಮ್ಮ ಆಶ್ರಮ ಸೇರಿದ್ದು ಬಲಗೈ ಮುರಿದಾಗ. ಮಗಳಿಗೆ ರಜೆ ಸಿಗುವುದಿಲ್ಲ, ನೋಡಿಕೊಳ್ಳುವವರು ಬೇಕು, ಅವಳೇ ಒಪ್ಪಿ ಸೇರಿದಳು. ಕೈಗೆ ಸಿಮೆಂಟ್ ಪಟ್ಟಿ ಇತ್ತಲ್ಲ, ಆಯಾ ಚಮಚದಲ್ಲಿ ಉಣಿಸುತ್ತಿದ್ದಳು. ಸರಿಯೇ. ಆಮೇಲೆ ಪಟ್ಟಿ ಬಿಚ್ಚಿದರು. ಚಮಚ ಮಾತ್ರ ಬಿಡಲಿಲ್ಲ.

ನಾನು ತಲುಪಿದಾಗ ಮಧ್ಯಾಹ್ನದ ಊಟದ ಹೊತ್ತು. ಆಶ್ರಮ ಚೆನ್ನಾಗಿದೆ, ಸುಳ್ಳು ಹೇಳಬಾರದು. ಮುಖ ಕಾಣುವಂಥ ಟೈಲ್ಸ್, ಗೋಡೆಗೆ ದೊಡ್ಡ ಟಿವಿ, ಫಿನಾಯಿಲ್ ವಾಸನೆ. ಹಾಲ್‌ನಲ್ಲಿ ಅಜ್ಜಿಯರನ್ನು ಸಾಲಾಗಿ ಕುರ್ಚಿಯಲ್ಲಿ ಕೂರಿಸಿದ್ದರು. ಎಲ್ಲರ ಕತ್ತಿಗೂ ಒಂದೊಂದು ಟವೆಲ್. ಆಯಾ ಈರಮ್ಮನ ಕೈಯಲ್ಲಿ ಅನ್ನ, ಸಾಂಬಾರು ಕಿವುಚಿದ ಬಟ್ಟಲು. ಈಕೆಗೊಂದು ಚಮಚ, ಪಕ್ಕದಾಕೆಗೊಂದು, ಆಚೆಯಾಕೆಗೊಂದು. ಮತ್ತೆ ಮೊದಲಿನಾಕೆ. ಬಾಯಲ್ಲಿರುವುದು ಒಳಗೆ ಹೋಗುವ ಮುಂಚೆ ಇನ್ನೊಂದು.

ಅಂದು ಯಾರದೋ ಮಗುವಿನ ಬರ್ತ್‌ಡೇ. ಆಶ್ರಮಕ್ಕೆ ಸಿಹಿ ಹಂಚಲು ಬಂದಿದ್ದ ಕುಟುಂಬವೊಂದು ಅಲ್ಲೇ ನಿಂತಿತ್ತು. ಎಷ್ಟು ಪ್ರೀತಿಯಿಂದ ಉಣಿಸುತ್ತಾರೆ ನೋಡಿ ಎಂದು ತೆಲುಗಿನಲ್ಲಿ ಹೊಗಳುತ್ತಾ ಆ ಮನೆಯಾಕೆ ಈರಮ್ಮನನ್ನು ವಿಡಿಯೋ ಮಾಡಿಕೊಂಡರು.

ಪ್ರೀತಿಯಾ? ನನಗೆ ಕಂಡಿದ್ದು ಅವಸರ. ಈರಮ್ಮನನ್ನೂ ಬೈಯುವಂತಿಲ್ಲ. “ನಾ ಏನ್ ಮಾಡ್ಲೆಕ್ಕಾ? ಇವರದು ಲಗೂನ ಮುಗಸಲಿಲ್ಲಂದ್ರ ಹಾಸಿಗಿ ಹಿಡದವರ ಬಟ್ಟಿ ಬದ್ಲಿ ಮಾಡೂದು ಉಳೀತೈತಿ” ಅಂದಳು. ಅವಳ ಮಾತೂ ನಿಜ.

ಚಿಕ್ಕಮ್ಮ ಸಾಲಿನ ಕೊನೆಯಲ್ಲಿ ಬಾಯಿ ಬಿಗಿದು ಕೂತಿದ್ದಳು. ನನ್ನನ್ನು ಕಂಡು ಅಳುತ್ತಾಳೆ ಅಂದುಕೊಂಡೆ. ಅಳುವ ಪೈಕಿ ಅಲ್ಲ ಅವಳು.

“ಬಂದೇನೇ? ಕೂತ್ಕ. ನನ್ ಕೈಗೇನಾಗೈತೆ ನೋಡು” ಎಂದು ಬಲಗೈ ಮುಂದೆ ಚಾಚಿದಳು. ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಆದರೆ ಮಡಚುತ್ತಿದ್ದವು. “ಒಂದು ತುತ್ತು ನುಂಗೋ ಹೊತ್ಗೆ ಇನ್ನೊಂದು ತುರುಕ್ತಾರೆ ಕಣೇ. ಉಸ್ರು ಬಿಡಾಕೂ ಬಿಡಲ್ಲ. ಅನ್ನ ಇಳಿಯಾಕಿಲ್ಲ. ಮುದ್ದೆ ಕೊಡ್ರಪ್ಪ, ನಾನೇ ಉಣ್ತೀನಿ ಅಂದೆ. ಹಲ್ಲಿಲ್ಲ, ಮುದ್ದೆ ಬ್ಯಾಡ ಅಂದ್ರು.”

ನನಗೆ ನಗು ಮತ್ತು ಕೋಪ ಒಟ್ಟಿಗೇ ಬಂದವು. ನೇರವಾಗಿ ಮ್ಯಾನೇಜರ್ ರೂಮಿಗೆ ಹೋದೆ.

“ಮುದ್ದೆ ಯಾಕೆ ಕೊಡಲ್ಲ ಸಾರ್?”

“ಹಲ್ಲಿಲ್ಲದವರಿಗೆ ಸಾಫ್ಟ್ ಫುಡ್ಡೇ ಕೊಡೂದ್ರಿ. ಇದು ನಮ್ಮ ರೂಲ್.”

“ನೀವು ಮನೆಯಲ್ಲಿ ಮುದ್ದೆ ಉಣ್ಣಲ್ವಾ?”

“ಅಯ್ಯ, ದಿನಾ ಉಣ್ತೀವ್ರಿ.”

“ಅಗಿದು ಉಣ್ತೀರಾ?”

ಮುದ್ದೆಯನ್ನು ಅಗಿದು ತಿನ್ನುವವನನ್ನು ಕಂಡರೆ ನಮ್ಮ ಕಡೆ ಚಿಕ್ಕ ಮಕ್ಕಳೂ ನಗುತ್ತವೆ. ಸಾರಲ್ಲಿ ಅದ್ದಿ ನುಂಗಬೇಕು, ಅಷ್ಟೇ. ಹಲ್ಲಿಗೆ ಅಲ್ಲಿ ಕೆಲಸವೇ ಇಲ್ಲ. ಈ ಮನುಷ್ಯನಿಗೆ ಅದು ಹುಟ್ಟಿದಾಗಿನಿಂದ ಗೊತ್ತು. ಆದರೂ ಯಾವುದೋ ಊರಿನ ರೂಲ್ ತಂದು ಕುರ್ಚಿಯಲ್ಲಿ ಕೂತ ಕೂಡಲೇ ಮರೆತುಹೋಗಿದೆ! (ನುಂಗುವುದಕ್ಕೇ ತೊಂದರೆ ಇರುವವರ ಮಾತು ಬೇರೆ. ಅದನ್ನು ಡಾಕ್ಟರ್ ಹೇಳಬೇಕು. ನಮ್ಮ ಚಿಕ್ಕಮ್ಮನ ಗಂಟಲಿಗೆ ಏನೂ ಆಗಿಲ್ಲ. ಅವಳು ಬೈದರೆ ಗೇಟಿನವರೆಗೆ ಕೇಳಿಸುತ್ತದೆ.)

“ನಾನು ಸೈನ್ ಮಾಡಲ್ಲ” ಅಂದೆ. “ಮೊದಲು ಅವಳ ಕೈಗೆ ಒಂದು ತಟ್ಟೆ ಕೊಡಿ. ಉಣ್ಣದಿದ್ದರೆ ಪೈಪಿನ ಮಾತು.”

“ತಟ್ಟಿ ಕೊಟ್ರ ತಾಸಗಟ್ಲೆ ಕುಂದರತಾರ್ರಿ. ಮೈಮ್ಯಾಲೆ ಚೆಲ್ಲಿಕೊಳ್ತಾರ.”

“ಚೆಲ್ಲಿಕೊಳ್ಳಲಿ. ನಾನು ಒರೆಸ್ತೀನಿ.”

ಹಿಂದಿನ ಅಡುಗೆಮನೆಯಲ್ಲಿ ಸಿಬ್ಬಂದಿಗೆಂದು ಮಾಡಿದ ಮುದ್ದೆ, ಹುರುಳಿ ಸಾರು ಇತ್ತು. (ಕೆಲಸದವರಿಗೆ ಮುದ್ದೆ, ಮುದ್ದೆ ಉಂಡೇ ಮುದುಕಿಯಾದವಳಿಗೆ ಕಿವುಚಿದ ಅನ್ನ!) ತಟ್ಟೆ ಬಂತು. ಚಿಕ್ಕಮ್ಮ ಕತ್ತಿನ ಟವೆಲ್ ಕಿತ್ತು ನನ್ನ ತೊಡೆಯ ಮೇಲೆ ಎಸೆದಳು.

ಸಲೀಸಾಗಿ ಉಂಡಳು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಮೊದಲ ತುತ್ತು ಜಾರಿ ಸಾರಿಗೆ ಬಿತ್ತು. ಎರಡನೆಯದು ಸೀರೆಗೆ. ಇಷ್ಟು ದಿನ ಕೆಲಸವಿಲ್ಲದೆ ಕೂತ ಕೈ, ಹೇಳಿದ ಮಾತು ಕೇಳುತ್ತಿರಲಿಲ್ಲ. ಮ್ಯಾನೇಜರ್ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು. ನನ್ನ ಕೈ ತಾನಾಗಿ ಅವಳ ತಟ್ಟೆಯ ಕಡೆ ಹೋಯಿತು.

“ಮುಟ್ಬ್ಯಾಡ” ಅಂದಳು.

ಕೈ ಹಿಂದಕ್ಕೆ ತೆಗೆದುಕೊಂಡೆ. ನೋಡುತ್ತಾ ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತೀರಿ! ತುರುಕಿ ಮುಗಿಸುವುದೇ ಸುಲಭ. ಮೂರನೇ ತುತ್ತನ್ನು ಅವಳು ಐದೂ ಬೆರಳಿಂದ ಒತ್ತಿ, ಅದ್ದಿ, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ನುಂಗಿದಳು. ಆಮೇಲೆ ನಿಧಾನವಾಗಿ, ಯಾರ ಕಡೆಯೂ ನೋಡದೆ, ಉಂಡಳು. ಕೊನೆಗೆ ಮಜ್ಜಿಗೆ ಕೇಳಿದಳು. ಸಂಜೆ ಆಸ್ಪತ್ರೆಗೆ ಯಾರೂ ಹೋಗಲಿಲ್ಲ.

ಸುಜಾತ ಶಿಫ್ಟ್ ಮುಗಿಸಿ ಬಂದಳು. ಮೂವರೂ ಮಾತಾಡಿಕೊಂಡೆವು. ಸುಜಾತ ರಾತ್ರಿ ಊಟದ ಹೊತ್ತಿಗೆ, ಹೇಳದೆ ಕೇಳದೆ, ಆಗಾಗ ಬರುವುದು. ಚಿಕ್ಕಮ್ಮ ತನ್ನ ಕೈಗೆ ತಟ್ಟೆ ಸಿಗುವವರೆಗೆ ಬಾಯಿ ತೆರೆಯದಿರುವುದು. ತೂಕ ಏರದಿದ್ದರೆ ಡಾಕ್ಟರ್ ಹತ್ತಿರ ಪೈಪಿಗಲ್ಲ, ಕಾರಣ ಕೇಳುವುದಕ್ಕೆ ಹೋಗುವುದು. ಇಷ್ಟನ್ನೂ ಮ್ಯಾನೇಜರ್ ಮುಂದೆಯೇ ಹೇಳಿದೆವು. ಒಪ್ಪಿದರು. ಮನಸ್ಸಿಲ್ಲದೆ ಒಪ್ಪಿದರು, ಆದರೂ ಒಪ್ಪಿದರು.

ನೀವೂ ಆಶ್ರಮ ನೋಡಲು ಹೋಗುತ್ತೀರಿ. ಟೈಲ್ಸ್ ನೋಡುತ್ತೀರಿ, ಸಿಸಿ ಕ್ಯಾಮೆರಾ ಇದೆಯಾ ಕೇಳುತ್ತೀರಿ, ಬಾತ್‌ರೂಮ್ ಇಣುಕುತ್ತೀರಿ. ನೋಡಿ, ಬೇಡ ಅನ್ನಲಿಲ್ಲ. ಆದರೆ ಊಟದ ಹೊತ್ತಿಗೆ ಹೋಗಿ. ಕೈ ಆಡುವವರ ಕೈಯಲ್ಲಿ ತಟ್ಟೆ ಇದೆಯಾ ನೋಡಿ.

ನಿನ್ನೆ ಮತ್ತೆ ಫೋನು. ಅದೇ ಮ್ಯಾನೇಜರ್.

“ಮೇಡಂ, ಈಗ ಬಾಜೂದವ್ರೂ ತಟ್ಟಿ ಕೇಳಾಕತ್ಯಾರ. ಅವರೆಲ್ಲಾ ಉಂಡು ಮುಗಸೂತನಕ ನಮ್ಮ ಆಯಾ ಏನ್ ಮಾಡ್ಬೇಕ್ರಿ? ಸುಮ್ನ ಬಾಜೂಕ ಕುಂದರಬೇಕಾ?”

“ಹೌದು ಸಾರ್, ಕೂರಬೇಕು. ಅದಕ್ಕೇ ಆರೈಕೆ ಅನ್ನೋದು.”