ನಾಕಾ ದಾಟಿದವಳು

ನನ್ನ ತಂಗಿ ಸೇತುವೆ ದಾಟಲು ದುಡ್ಡು ಕೊಡುತ್ತಾಳೆ, ನಾನು ಕೊಡುವುದಿಲ್ಲ ಎಂಬ ಕಾರಣಕ್ಕೆ ನಾನು ನಾಲ್ಕು ವರ್ಷ ಹೊಟ್ಟೆ ಉರಿದುಕೊಂಡಿದ್ದೆ. ಹೇಳಿದರೆ ಜನ ನಗುತ್ತಾರೆ. ನಗಲಿ. ಎಂಬತ್ತರ ದಶಕದ ಮುಂಬಯಿಯಲ್ಲಿ ಟೋಲ್ ಕೊಡಬೇಕಾದರೆ ಮೊದಲು ಕಾರಿರಬೇಕಿತ್ತು, ಆಮೇಲೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಆಚೆ ವಾಶಿಯಲ್ಲಿ ಒಂದು ಮನೆ ಇರಬೇಕಿತ್ತು. ಅವಳಿಗೆ ಎರಡೂ ಇದ್ದವು. ನನ್ನ ಪರ್ಸಿನಲ್ಲಿ ಕೋಳಿವಾಡಾದಿಂದ ವಿ.ಟಿ.ಗೆ ಹೋಗುವ ಸೆಕೆಂಡ್ ಕ್ಲಾಸ್ ಪಾಸಿತ್ತು, ಅಷ್ಟೇ.

ಅವಳು ಅದನ್ನು ಹೇಳುತ್ತಿದ್ದದ್ದಾದರೂ ದೂರಿನ ಧಾಟಿಯಲ್ಲಿ. ಬೆಳಿಗ್ಗೆ ಸೇತುವೆಯ ಟೋಲ್ ನಾಕಾದಲ್ಲಿ ಎಷ್ಟು ಹೊತ್ತು ಕಾಯಿಸಿದರು, ಮುಂದಿನ ಟ್ರಕ್ಕಿನವನು ಹೇಗೆ ಜಗಳಕ್ಕೆ ನಿಂತ, ಇವರು ಸ್ಟಿಯರಿಂಗ್ ಬಿಡುವ ಹಾಗಿಲ್ಲವಲ್ಲ, ಚಿಲ್ಲರೆ ಹುಡುಕಿ ಕೈಗಿಡುವುದೇ ತನಗೊಂದು ಕೆಲಸವಾಗಿದೆ ಅಂತ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಲೇಡೀಸ್ ಡಬ್ಬಿಯಲ್ಲಿ ಯಾರದೋ ಟಿಫಿನ್ ಕ್ಯಾರಿಯರ್ ಪಕ್ಕೆಗೆ ಒತ್ತುತ್ತಿರುವಾಗ, ಗಂಡನ ಪಕ್ಕದಲ್ಲಿ ಮಡಿಲಲ್ಲಿ ಚಿಲ್ಲರೆ ಇಟ್ಟುಕೊಂಡು ಕೂತ ಅವಳೇ ಕಣ್ಣ ಮುಂದೆ ಬರುತ್ತಿದ್ದಳು. ನನಗೂ ಅಂಥದೊಂದು ಕಷ್ಟ ಬೇಕಿತ್ತು. ನಾನೂ ಆಫೀಸಿಗೆ ಹೋಗಿ, ಸೆರಗು ಸರಿಮಾಡಿಕೊಂಡು, ಈ ಟೋಲ್‌ನವರ ಕಾಟ ಸಾಕಾಯಿತಮ್ಮ ಎನ್ನಬೇಕಿತ್ತು.

ಈ ಉರಿಗೆ ಇನ್ನೊಂದು ಬೇರು ಇತ್ತು. ಅವಳು ವಾಶಿಯ ಫ್ಲ್ಯಾಟಿಗೆ ಅರ್ಜಿ ಹಾಕಿದ ಫಾರ್ಮು ನನ್ನದು.

ನಾವು ಆಗ ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಕೆಲಸ ನನ್ನದು, ಹಾಗಾಗಿ ಕ್ವಾರ್ಟರ್ಸೂ ನನ್ನ ಹೆಸರಿನದು. ನಮ್ಮವರು ಘಾಟ್ಕೋಪರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಬಾಗಿಲ ಮೇಲೆ ನನ್ನ ಹೆಸರಿದ್ದುದಕ್ಕೆ ಅವರು ಒಂದು ದಿನವೂ ಒಂದು ಮಾತಾಡಿದವರಲ್ಲ. ಆದರೆ ವಾಶಿಯಲ್ಲಿ ಫ್ಲ್ಯಾಟು ಹಂಚುತ್ತಾರೆಂಬ ಜಾಹೀರಾತು ಬಂದ ದಿನ ಪೇಪರನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ನಿನ್ನ ಆಫೀಸಿನ ಹತ್ತಿರವೇ ಫಾರ್ಮು ಕೊಡುತ್ತಾರಂತೆ, ತಂದುಬಿಡು ಅಂದರು. ಒಂದು ಸ್ವಂತ ಬಾಗಿಲು ಬೇಕು ಅನ್ನಿಸುತ್ತದೆ ಅಂತಲೂ ಅಂದರು.

ತಂದೆ. ಕ್ಯೂನಲ್ಲಿ ನಿಂತು ತಂದೆ. ಆಫೀಸಿನ ಟೇಬಲ್ಲಿನ ಮೇಲಿಟ್ಟುಕೊಂಡು ಯೋಚಿಸಿದೆ. ಆಗ ವಾಶಿಗೆ ರೈಲಿರಲಿಲ್ಲ. ನಾನು ದಿನಾ ಬಸ್ಸಿಗೆ ಜೋತುಬಿದ್ದು, ನಾಕಾದಲ್ಲಿ ಕಾದು, ಮಾನ್‌ಖುರ್ದಿನಲ್ಲಿ ಇಳಿದು ಲೋಕಲ್ ಹಿಡಿಯಬೇಕು. ಬಸ್ಸಿನ ಟಿಕೆಟಿನಲ್ಲೇ ಸೇತುವೆಯ ದುಡ್ಡೂ ಸೇರಿರುತ್ತದೆ ಎನ್ನುತ್ತಿದ್ದರು. ಕೆಲಸಕ್ಕೆ ಹೋಗುವುದಕ್ಕೂ ಸುಂಕ ಕೊಡಬೇಕೇ, ನನಗೇನು ಹುಚ್ಚೇ ಅನ್ನಿಸಿತು. ಅದೇ ಹೊತ್ತಿಗೆ ತಂಗಿ ಊಟದ ಬಿಡುವಿನಲ್ಲಿ ಬಂದಳು. ಹತ್ತಿರದ ಬ್ಯಾಂಕಿನಲ್ಲಿ ಅವಳ ಕೆಲಸ. ಜೋಗೇಶ್ವರಿಯಲ್ಲಿ ಬಾಡಿಗೆಯ ಒಂದೇ ಕೋಣೆ. ಫಾರ್ಮಿನ ಮೇಲೆ ಕಣ್ಣು ಬಿತ್ತು. ನಮಗೆ ಬೇಡ, ನೀನೇ ತಗೊಂಡು ಹೋಗೇ ಅಂದೆ. ಮನೆಗೆ ಬಂದು ಇವರಿಗೆ ಫಾರ್ಮು ಮುಗಿದುಹೋಗಿತ್ತು ಅಂತ ಹೇಳಿದೆ. ಅವರು ಜೇಬಿನಿಂದ ಪೇಪರಿನ ಮಡಿಕೆ ತೆಗೆದು ಹಳೇ ಪೇಪರಿನ ಕಟ್ಟಿಗೆ ಸೇರಿಸಿದರು.

ಲಾಟರಿಯಲ್ಲಿ ತಂಗಿಯ ಹೆಸರು ಬಂತು. ಎರಡು ವರ್ಷಕ್ಕೆ ಸೆಕೆಂಡ್ ಹ್ಯಾಂಡ್ ಫಿಯೆಟ್ಟೂ ಬಂತು. ಆಮೇಲೆ ನನ್ನ ಹೊಟ್ಟೆಕಿಚ್ಚನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಗಂಡನ ಹತ್ತಿರ ಹೇಳುವ ಹಾಗೇ ಇರಲಿಲ್ಲ. ತಿಂಗಳಿಗೊಂದು ಭಾನುವಾರ ಇಬ್ಬರೂ ಬಸ್ಸಿನಲ್ಲಿ ವಾಶಿಗೆ ಹೋಗುತ್ತಿದ್ದೆವು. ಅವರು ತಂಗಿಯ ಮನೆಯ ಬಾಲ್ಕನಿಯಲ್ಲಿ ನಿಂತು, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಗೋಡೆಗೆ ತೇವ ಹಿಡಿಯುತ್ತದೆಯೇ ಎಂದೆಲ್ಲ ವಿಚಾರಿಸುತ್ತಿದ್ದರು. ನಾನು ಒಳಗೆ ಈರುಳ್ಳಿ ಹೆಚ್ಚುತ್ತ, ಈ ಮಾತು ಬೇಗ ಮುಗಿದರೆ ಸಾಕಪ್ಪ ಎನ್ನುತ್ತಿದ್ದೆ.

ಇದರ ನಡುವೆ ನಮ್ಮ ತಂದೆಯ ಪ್ರಕರಣ. ಅವರು ಮೈಸೂರಿನಲ್ಲಿ ಕನ್ನಡ ಪಂಡಿತರಾಗಿ ನಿವೃತ್ತರಾದವರು; ನಾವು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ತಂಗಿ ಒಂದು ಕಾಗದದಲ್ಲಿ 'ನಾಕ ದಾಟಿದರೆ ನಮ್ಮ ಮನೆ' ಎಂದು ಬರೆದಿದ್ದಾಳೆ. ಬರೆಯುವ ಅವಸರದಲ್ಲಿ ಒಂದು ದೀರ್ಘ ಬಿಟ್ಟಿದ್ದಾಳೆ. ಅಣ್ಣನಿಗೆ ಮರಾಠಿಯ ನಾಕಾ ಗೊತ್ತಿಲ್ಲ, ಗೊತ್ತಿರುವುದು ಕಾವ್ಯದ ನಾಕ. ನಾಕ ಅಂದರೆ ಸ್ವರ್ಗ. ಮಗಳು ಸ್ವರ್ಗವನ್ನೂ ದಾಟಿ ಮನೆ ಮಾಡಿದ್ದಾಳೆ, ಅದನ್ನು ಎಷ್ಟು ಚೆನ್ನಾದ ಕನ್ನಡದಲ್ಲಿ ಹೇಳಿದ್ದಾಳೆ ಅಂತ ಬೀದಿಯವರಿಗೆಲ್ಲ ಕಾಗದ ಓದಿ ಹೇಳಿದರಂತೆ. ನನಗೂ ಬರೆದು ತಿಳಿಸಿದರು. ನನಗೆ ತಡೆಯಲಾಗಲಿಲ್ಲ. ಅಣ್ಣ, ಅದು ಸ್ವರ್ಗವೂ ಅಲ್ಲ ಮಣ್ಣೂ ಅಲ್ಲ, ಗಾಡಿ ನಿಲ್ಲಿಸಿ ದುಡ್ಡು ವಸೂಲಿ ಮಾಡುವ ಸುಂಕದ ಕಟ್ಟೆ ಎಂದು ಅವತ್ತೇ ಪೋಸ್ಟ್‌ಕಾರ್ಡ್ ಹಾಕಿದೆ. ಎಂಟು ದಿನಕ್ಕೆ ಉತ್ತರ ಬಂತು: 'ಸುಂಕದ ಕಟ್ಟೆಯೇ ಆಗಲಿ, ಅವಳು ದಾಟಿದಳಲ್ಲ.' ಅದನ್ನು ಓದಿ ಒಂದು ಹೊತ್ತು ಊಟ ಬಿಟ್ಟೆ. ಇಂಗ್ಲಿಷ್, ಲೆಕ್ಕ, ಕನ್ನಡ ಎಲ್ಲದರಲ್ಲೂ ತರಗತಿಗೆ ಮೊದಲು ಬರುತ್ತಿದ್ದವಳು ನಾನು. ನನಗೆ ಇಂಥ ಒಂದು ಸಾಲು ಅಣ್ಣ ಬರೆದದ್ದಿಲ್ಲ.

ಮುಂದಿನ ಬೇಸಿಗೆಗೆ ಅಣ್ಣ ಮುಂಬಯಿಗೆ ಬಂದರು. ಮೊದಲು ನಮ್ಮ ಮನೆಯಲ್ಲಿಳಿದರು, ನಿಜ. ಆದರೆ ಕಾಫಿ ಕುಡಿಯುವ ಮೊದಲೇ ಆ ನಾಕವನ್ನು ನೋಡಬೇಕಲ್ಲ ಅಂದರು. ಭಾನುವಾರ ತಂಗಿ, ಅವಳ ಗಂಡ ಫಿಯೆಟ್ ತಂದರು. ಅಣ್ಣ ಮುಂದೆ ಕೂತರು. ಹಿಂದೆ ನಾನು, ತಂಗಿ, ನಮ್ಮವರು.

ನಾಕಾದಲ್ಲಿ ಉದ್ದ ಸಾಲು. ಅಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇದೇ ಏನೋ ನಿಮ್ಮ ಸ್ವರ್ಗ, ಇಲ್ಲೂ ಕ್ಯೂ ಇದೆಯಲ್ಲ ಎಂದು ನಗಿಸುತ್ತಿದ್ದರು. ತಂಗಿಯ ಗಂಡ ಒಳ್ಳೆಯವನು, ಮಾತು ಸ್ವಲ್ಪ ಜಾಸ್ತಿ. ಫಾರ್ಮಿನ ವಿಷಯವನ್ನು ತಂಗಿ ಇಷ್ಟು ವರ್ಷ ನನ್ನ ಮುಖ ನೋಡಿಯೇ ಎತ್ತಿರಲಿಲ್ಲ. ಆದರೆ ಎತ್ತಬಾರದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

"ಈ ನಾಕಾ ದಾಟೋ ಭಾಗ್ಯ ಅತ್ತಿಗೆಯಿಂದ ಬಂದಿದ್ದು, ಮಾವ," ಅಂದ. "ತಾವೇ ಕ್ಯೂನಲ್ಲಿ ನಿಂತು ಫಾರ್ಮ್ ತಂದ್ರು. ಆಮೇಲೆ ನಮಗೆ ಬೇಡ ಅಂತ ಇವಳ ಕೈಗೆ ಕೊಟ್ಟುಬಿಟ್ರು."

ತಂಗಿ ನನ್ನ ಕೈ ಹಿಡಿದಳು. ಕೊಡವಿಬಿಟ್ಟೆ. ಅಣ್ಣ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ನನ್ನನ್ನೇ ನೋಡಿದರು. ಕಣ್ಣಲ್ಲಿ ನೀರಿತ್ತು. ತನ್ನ ಬಾಯಿಂದ ಕಿತ್ತು ತಂಗಿಗೆ ಕೊಡುವವರು ಈ ಕಾಲದಲ್ಲಿ ಯಾರಿದ್ದಾರೆ, ನಿನ್ನನ್ನು ನಾನು ಸರಿಯಾಗಿ ತಿಳಿದುಕೊಳ್ಳಲೇ ಇಲ್ಲ ಕಣಮ್ಮ ಅಂದರು. ಚಿಕ್ಕಂದಿನಿಂದ ಯಾವ ಮಾತಿಗೆ ಬಾಯಿಬಿಟ್ಟು ಕಾದಿದ್ದೆನೋ ಆ ಮಾತು ಅವತ್ತು ಬಂತು. ನನಗೆ ಕಾರಿನ ಬಾಗಿಲು ತೆಗೆದು ಖಾಡಿಗೆ ಹಾರೋಣ ಅನ್ನಿಸಿತು.

ನಮ್ಮವರು ನನ್ನ ಕಡೆ ನೋಡಲಿಲ್ಲ. "ಹೌದು ಮಾವ, ಇಬ್ರೂ ಮಾತಾಡ್ಕೊಂಡೇ ಕೊಟ್ವಿ," ಅಂದರು. ಆಮೇಲೆ ಮುಂದಕ್ಕೆ ಬಗ್ಗಿ, ಇವತ್ತು ಟೋಲ್ ನನ್ನದು ಎಂದು ಜೇಬಿನಿಂದ ನೋಟು ತೆಗೆದು ತಂಗಿಯ ಗಂಡನ ಕೈಗೆ ಕೊಟ್ಟರು. ಅವನು ಬೇಡ ಬೇಡವೆಂದರೂ ಬಿಡಲಿಲ್ಲ.

ಇಡೀ ದಿನ ಅವರು ಎಂದಿನಂತೆಯೇ ಇದ್ದರು. ಅಣ್ಣನಿಗೆ ಬಾಲ್ಕನಿ ತೋರಿಸಿದರು, ಹೋಳಿಗೆ ಎರಡು ಸಲ ಹಾಕಿಸಿಕೊಂಡರು. ನಾನು ತಂಗಿಯನ್ನೇ ನೋಡುತ್ತ ಕೂತಿದ್ದೆ. ಗಂಡ ಅಡುಗೆಮನೆಗೆ ಬಂದಾಗ ಅವಳು, ಅಕ್ಕನ ವಿಷಯ ಯಾಕ್ರೀ ತೆಗೆದಿರಿ ಎಂದು ನನ್ನೆದುರೇ ಅವನನ್ನು ಗದರಿಸಿದಳು. ಮನಸ್ಸಿನಲ್ಲಿದ್ದುದನ್ನು ಹಾಗೆ ಗಂಡನ ಮುಖಕ್ಕೇ ಹೇಳಿಬಿಡುವ ಅವಳನ್ನು ಕಂಡು ಎಂದೂ ಇಲ್ಲದಷ್ಟು ಹೊಟ್ಟೆ ಉರಿಯಿತು. ಫ್ಲ್ಯಾಟು, ಫಿಯೆಟ್ಟು ಯಾವುದೂ ನೆನಪಿಗೆ ಬರಲಿಲ್ಲ.

ಅಣ್ಣ ಅಲ್ಲೇ ಉಳಿದರು. ಸಂಜೆ ಕಾರು ಬೇಡವೆಂದು ನಾವಿಬ್ಬರೂ ಬಸ್ ಸ್ಟಾಪಿಗೆ ಬಂದು ನಿಂತೆವು. ಅವರು ಬಸ್ಸಿನ ದಾರಿ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ರೀ, ಒಂದು ಸಲ ಬೈದುಬಿಡಿ," ಅಂದೆ.

"ಬೈದ್ರೆ ನಿನಗೆ ಹಗುರ ಆಗತ್ತೆ," ಅಂದರು. "ನನಗೇನಾಗತ್ತೆ?"

ಬಸ್ಸು ಬಂತು. ಅಷ್ಟು ವರ್ಷ ಪ್ರತಿಸಲ ನನ್ನನ್ನು ಮುಂದೆ ಬಿಟ್ಟು ಹಿಂದೆ ಹತ್ತುತ್ತಿದ್ದವರು, ಅವತ್ತು ತಾವು ಮೊದಲು ಹತ್ತಿ ಒಳಗೆ ಹೋದರು.