ಕಸ್ತೂರಿ ಸತ್ತು ತೋರಿಸಿದ್ದು

ಪಕ್ಕದ ಮನೆಯ ಶಾಂತಕ್ಕ ಶೇಂಗಾ ಹುರಿಯುತ್ತಿದ್ದಾಳೆ. ಆ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರಬಹುದು. ನಾನು ಮಾತ್ರ ಎದ್ದು ಕಿಟಕಿ ಮುಚ್ಚುತ್ತೇನೆ. ನನ್ನ ಹೆಂಡತಿ ಕಸ್ತೂರಿಗೆ ಶೇಂಗಾ ಆಗಿಬರುವುದಿಲ್ಲ. ಚಿಟಿಕೆ ಪುಡಿ ನಾಲಿಗೆಗೆ ತಾಗಿದರೂ ತುಟಿ ಬಾತು, ಗಂಟಲು ಕಟ್ಟಿ, ಉಸಿರೇ ನಿಲ್ಲುವಂತಾಗುತ್ತದೆ.

ಇಂಥವಳು ಸಂಸಾರ ಹೂಡಿದ್ದು ಬೀಳಗಿಯಲ್ಲಿ. ನಮ್ಮ ಕಡೆ ಶೇಂಗಾ ಪುಡಿಯನ್ನು ಯಾರೂ ಶೇಂಗಾದ ಲೆಕ್ಕಕ್ಕೇ ಹಿಡಿಯುವುದಿಲ್ಲ, ನೋಡಿ. ಬದನೆಕಾಯಿಯಲ್ಲಿ ಅದು, ಪಚಡಿಯಲ್ಲಿ ಅದು, ರೊಟ್ಟಿಯ ಪಕ್ಕದಲ್ಲಂತೂ ಅದೇ. "ಶೇಂಗಾ ಹಾಕೀರೇನ್ರಿ?" ಎಂದು ಕೇಳಿದರೆ, "ಇಲ್ಲಬೇ ಯವ್ವಾ, ಶೇಂಗಾ ಎಲ್ಲೈತಿ? ಬರೇ ಚೂರ ಪುಡಿ ಉದರಿಸೇನಿ" ಎಂಬ ಉತ್ತರ ಬರುತ್ತದೆ. ಹಾಗೆ ಉದುರಿಸಿದ ಪುಡಿಯಿಂದಲೇ ಮುಧೋಳದ ಒಂದು ಮದುವೆಯಲ್ಲಿ ಕಸ್ತೂರಿ ಊಟದ ಪಂಕ್ತಿಯಿಂದ ನೇರವಾಗಿ ಆಸ್ಪತ್ರೆಗೆ ಹೋದಳು. ಜೀಪಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಮದುವೆ ಮನೆಯವರು ಮಾತ್ರ, "ಭಾಳ ನಾಜೂಕರೀ ನಿಮ್ಮ ಮನಿಯಾಕಿ" ಎಂದರು.

ನನ್ನದು ಗೊಬ್ಬರದ ಅಂಗಡಿ. ಒಂದು ವರ್ಷ ಮಾರಾಟ ಚೆನ್ನಾಗಿ ಆಯಿತೆಂದು ಕಂಪನಿಯವರು ಸುತ್ತಲಿನ ಅಂಗಡಿಯವರನ್ನೆಲ್ಲ ಜೋಡಿ ಸಮೇತ ಥೈಲ್ಯಾಂಡಿಗೆ ಕರೆದೊಯ್ದರು. ಶಾಂತಕ್ಕನ ಗಂಡನದೂ ಇದೇ ವ್ಯಾಪಾರ, ಹಾಗಾಗಿ ಅವಳೂ ಬಂದಿದ್ದಳು. ಜಮಖಂಡಿ, ಬನಹಟ್ಟಿಯ ಹೆಂಗಸರು ಪರದೇಶದ ಊಟವನ್ನು ನಂಬದೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ಕಸ್ತೂರಿ ತಂದ, ಶೇಂಗಾ ಸೋಕದ ಗುರೆಳ್ಳು ಚಟ್ನಿ ತಮ್ಮದಕ್ಕಿಂತ ರುಚಿ ಎಂದು ಅದನ್ನೂ ಅವಳ ರೊಟ್ಟಿಯನ್ನೂ ಅವರೇ ತಿಂದು ಮುಗಿಸಿದರು. ಥೈಲ್ಯಾಂಡಿನವರೋ, ನಮ್ಮಂತೆಯೇ ಶೇಂಗಾ ಪುಡಿಯ ಜನ!

ಮಧ್ಯಾಹ್ನ ಊಟದಂಗಡಿಯಲ್ಲಿ ನಾನು ನನ್ನ ಇಂಗ್ಲಿಷ್ ಹೊರತೆಗೆದೆ. "ನೋ ಪೀನಟ್" ಎಂದೆ. ಬಡಿಸುವಾಕೆ ಕೈ ಮುಗಿದು, ನಕ್ಕು, ತಲೆಯಾಡಿಸಿದಳು. ನಾನು ಜಗ ಗೆದ್ದವನಂತೆ ಕುಳಿತೆ.

"ಹಿಂಗ ತಲಿ ಅಳ್ಳಾಡಿಸೂದು ಮುಧೋಳದಾಗೂ ನೋಡೇನಿ. ಏಳ್ರಿ, ಅಡಗಿಮನಿಗೆ ಹೋಗೂಣು," ಎಂದಳು ಕಸ್ತೂರಿ.

ಒಳಗೆ ನಮ್ಮದೇ ವಯಸ್ಸಿನ ಅಡುಗೆಯವಳು ಒರಳಲ್ಲಿ ಏನೋ ಕುಟ್ಟುತ್ತಿದ್ದಳು. ಪಕ್ಕದ ಬಟ್ಟಲಲ್ಲಿ ಹುರಿದ ಶೇಂಗಾ. ಕಸ್ತೂರಿ ಬಟ್ಟಲಿಗೆ ಬೊಟ್ಟು ಮಾಡಿದಳು, ತಿಂದಂತೆ ಮಾಡಿದಳು, ಗಂಟಲು ಹಿಡಿದುಕೊಂಡಳು, ಕಣ್ಣು ಮೇಲೆ ಮಾಡಿ, ಹೊಸ ಇಳಕಲ್ ಸೀರೆಯ ಪರಿವೆಯೂ ಇಲ್ಲದೆ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು. ಅಡುಗೆಯವಳು ಆಟವೆಂದುಕೊಂಡು ನಕ್ಕಳು.

"ಸುಮ್ನ ನಿಂತೀರಲ್ರೀ, ಅಳ್ರಿ!" ಎಂದಿತು ಹೆಣ.

ನಾನು ಕೆಳಗೆ ಕುಳಿತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುವ ನಟನೆ ಶುರುಮಾಡಿದೆ. ತಲೆಯ ಭಾರ ತಾಗಿದ್ದೇ ತಡ, ಮುಧೋಳದ ಜೀಪು ನೆನಪಾಗಿ ನಿಜವಾದ ಅಳುವೇ ಬಂತು. ಎಷ್ಟು ತಡೆದರೂ ನಿಲ್ಲಲಿಲ್ಲ.

ಅಡುಗೆಯವಳ ನಗು ನಿಂತಿತು. ಶೇಂಗಾ ಬಟ್ಟಲನ್ನು ಹಿತ್ತಲಿಗೆ ಒಯ್ದಿಟ್ಟಳು. ಕೈ ತೊಳೆದು, ಬೇರೆ ಬಾಣಲೆ ತೆಗೆದು ಅದನ್ನೂ ತಿಕ್ಕಿದಳು. ಎಣ್ಣೆಯ ಡಬ್ಬಿ ಹಿಡಿದು ಹುಬ್ಬೇರಿಸಿದಳು. ಡಬ್ಬಿಯ ಮೇಲಿನ ತಾಳೆಯ ಚಿತ್ರ ನೋಡಿ ಕಸ್ತೂರಿ ಮಲಗಿದಲ್ಲಿಂದಲೇ "ಛಲೋ" ಎಂದಳು. ಬಿಸಿ ಅನ್ನ, ಪಲ್ಯ ಬಂತು. ಕಸ್ತೂರಿ ಹೊಟ್ಟೆ ತುಂಬ ಉಂಡಳು; ಅಡುಗೆಯವಳು ಅವಳ ಗಂಟಲನ್ನೇ ನೋಡುತ್ತ ನಿಂತಿದ್ದಳು. ಕೊನೆಯ ತುತ್ತು ಇಳಿದ ಮೇಲೆ ಇಬ್ಬರೂ ತಬ್ಬಿಕೊಂಡರು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ ಶಾಂತಕ್ಕ, "ಅಯ್ಯ ಯವ್ವಾ, ಖರೇನ ಸಾಯ್ತಿದ್ದೇನ ನೀ?" ಎಂದು ಆಗ ಕೇಳಿದಳು. ಇಷ್ಟು ವರ್ಷ ಅವಳಿಗೆ ನಾವು ಕನ್ನಡದಲ್ಲೇ ಹೇಳಿದ್ದೆವು.

ಇಗೋ, ಈಗ ಬಾಗಿಲು ಬಡಿದವಳೂ ಅವಳೇ. ಕೈಯಲ್ಲಿ ಮುಚ್ಚಿದ ತಾಟು.

"ಎಳ್ಳ ಹೋಳಿಗಿ. ಮಿಕ್ಸರ್ ತೊಳದೇನಿ, ಹಂಚ ತೊಳದೇನಿ, ಇದನ್ನ ಮೊದಲ ಮಾಡಿ ಮುಚ್ಚಿಟ್ಟೇನಿ. ಶೇಂಗಾ ಮುಟ್ಟಿದ್ದು ಆಮ್ಯಾಲೆ. ಈಗ ಮತ್ತ ಕೈ ತೊಳಕೊಂಡ ಬಂದೇನಿ."

ಕಸ್ತೂರಿ ಒಂದು ತುಂಡು ಮುರಿದು ಬಾಯಿಗಿಟ್ಟಳು. ನನ್ನ ಕಣ್ಣು ಅವಳ ಗಂಟಲ ಮೇಲೆ.

"ಅಣ್ಣಾರ, ಈ ಸಲ ನೀವು ಅಳೂದು ಬ್ಯಾಡ್ರಿ," ಎಂದಳು ಶಾಂತಕ್ಕ.

ಅಷ್ಟರಲ್ಲಿ ತಡವಾಗಿತ್ತು. ಕಸ್ತೂರಿ ಇನ್ನೊಂದು ಹೋಳಿಗೆ ಮುರಿಯುತ್ತಿದ್ದಳು, ನಾನು ಅಳುತ್ತಿದ್ದೆ.