ಸೆರಗಿನ ನೆರಳಿಗೆ ನಿಂತ ಸುರಮಾ

ನಮ್ಮೂರು ಸಂಖದ ಸಂತೆಯಲ್ಲಿ ಸುರಮಾ ಮಾರುತ್ತಿದ್ದ ಇಸ್ಮತಬಿಗೆ ಇದ್ದದ್ದು ಒಂದೇ ಜಂಬ. ಕಣ್ಣಿಗೆ ಹಚ್ಚುವ ಆ ಕಪ್ಪು ಪುಡಿಯನ್ನು ಅವಳಷ್ಟು ನುಣ್ಣಗೆ ಅರೆಯುವವರು ಸುತ್ತಲಿನ ಊರುಗಳಲ್ಲಿ ಇರಲಿಲ್ಲ. ಗಂಡ ತೀರಿಹೋದ ಮೇಲೆ ಅರೆಯುವ ಕಲ್ಲೇ ಅವಳಿಗೆ ಅನ್ನ.

1996ರಲ್ಲಿ ನಮ್ಮ ಶಾಲೆಗೆ ಸೂಕ್ಷ್ಮದರ್ಶಕ ಬಂತು. ಊರವರೂ ನೋಡಲೆಂದು ಗುರುಲಿಂಗಪ್ಪ ಮಾಸ್ತರರು ಕರೆದರು. ಇಸ್ಮತಬಿ ಒಂದು ಚಿಟಿಕೆ ಸುರಮಾ ಹಿಡಿದು ಬಂದಳು.

“ನನ್ನ ಮಾಲ ಎಷ್ಟ ನುಣ್ಣಗೈತಿ, ಎಲ್ಲಾರಿಗೂ ತೋರಸ್ರಿ ಮಾಸ್ತರ್ರ.”

ಮಾಸ್ತರರು ಪುಡಿಯನ್ನು ನೀರಿನ ಹನಿಯಲ್ಲಿ ಬೆರೆಸಿ, ಯಂತ್ರದ ಕೆಳಗಿನ ಕನ್ನಡಿಯಿಂದ ಬಿಸಿಲು ಹಾಯಿಸಿದರು. ಮೊದಲು ಇಣುಕಿದವನು ಚಹಾದಂಗಡಿಯ ಲಗಮಣ್ಣ. ಸೂಕ್ಷ್ಮದರ್ಶಕವೇ ಕಡ್ಡಿಯನ್ನು ಗುಡ್ಡ ಮಾಡುವ ಯಂತ್ರ, ಅದಕ್ಕೆ ಲಗಮಣ್ಣನೂ ಸೇರಿದರೆ ಕೇಳಬೇಕೆ!

“ಗರಗರ ತಿರಗಾಕತ್ತಾವ! ಸುರಮಾದಾಗ ಹುಳ ಅದಾವೋ!”

ಸಂಜೆಯೊಳಗೆ ಊರೆಲ್ಲ ಅದೇ ಮಾತು. ಮುಂದಿನ ಸಂತೆಯಲ್ಲಿ ಇಸ್ಮತಬಿಯ ಹತ್ತಿರ ಒಬ್ಬರೂ ಸುಳಿಯಲಿಲ್ಲ. ತುಂಬಿದ ಶೀಶೆಗಳನ್ನು ಹಾಗೇ ಗಂಟು ಕಟ್ಟಿಕೊಂಡು ಮನೆಗೆ ಹೋದಳು.

ಮಾಸ್ತರರಿಗೆ ಊಟ ಸೇರಲಿಲ್ಲ. ನಿಜಕ್ಕೂ ಹುಳವೇ ಇದ್ದರೆ ಎಂಬ ಅಂಜಿಕೆ ಅವರಿಗೂ ಇತ್ತು. ಹುಳವಿದ್ದರೆ ಸಾಯಲೆಂದು ಪುಡಿಯನ್ನು ನೀರಲ್ಲಿ ಕುದಿಸಿ ನೋಡಿದರು, ಆದರೂ ತಿರುಗಿತು. ಮೋಡ ಅಡ್ಡ ಬಂದಾಗ ಮಾತ್ರ ನಿಧಾನವಾಯಿತು. ಆಗ ಅವರಿಗೆ ಹೊಳೆಯಿತು.

ಮರುಸಂತೆಗೆ ಯಂತ್ರ ಹೊತ್ತು ತಂದು ಅವಳ ಪಕ್ಕದಲ್ಲೇ ಕುಳಿತರು. ಲಗಮಣ್ಣನನ್ನೇ ಕರೆದು ನೋಡಲು ಹೇಳಿದರು.

“ಭಾಳ ಜೋರ ತಿರಗಾಕತ್ತಾವ್ರಿ,” ಎಂದ ಅವನು.

“ಇಸ್ಮತಬಿ, ನಿಮ್ಮ ಸೆರಗ ಕನ್ನಡಿಗಿ ಅಡ್ಡ ಹಿಡೀರಿ.”

ತೆಳು ಸೆರಗಿಗೆ ಬೆಳಕು ಮಂದವಾಯಿತು. ಮಡಚಿ ಹಿಡಿದಾಗ ಲಗಮಣ್ಣನ ದನಿಯೂ ಇಳಿಯಿತು. “ನಿಂತ್ವಲ್ರಿ!” ಸೆರಗು ತೆಗೆದರೆ ಮತ್ತೆ ಗರಗರ.

“ಹುಳ ಇದ್ದಿದ್ರ ಸೆರಗಿಗಿ ಅಂಜಿ ನಿಲ್ಲತಿದ್ವೇನು?” ಮಾಸ್ತರರು ಸಂತೆಗೆಲ್ಲ ಕೇಳುವಂತೆ ಹೇಳಿದರು. “ಕರೀ ಪುಡಿ ಬಿಸಲಿಗಿ ಕಾಯತೈತಿ. ಸುತ್ತಿನ ನೀರು ಬಿಸಿಯಾಗಿ ಹರೀತೈತಿ. ಆ ಹರಿವಿಗಿ ಪುಡಿ ತಿರಗತೈತಿ. ದಪ್ಪ ಇದ್ದಿದ್ರ ತಳಕ್ಕ ಕುಂದರತಿತ್ತು. ಇದು ಈ ತಾಯಿ ಅರದ ನುಣುಪು!”

ಆಮೇಲೆ ಇಸ್ಮತಬಿ ತಾನೇ ಇಣುಕಿದಳು. ತನ್ನ ಸುರಮಾ ಬಿಸಿಲಿಗೆ ತಿರುಗುವುದನ್ನು ಅವಳು ಕಂಡದ್ದು ಅಂದೇ ಮೊದಲು. ತಲೆ ಎತ್ತಿದಾಗ ಕಣ್ಣು ತುಂಬಿದ್ದವು.

“ನನ್ನ ಹೆಸರ ಉಳಸಿದ್ರಿ. ಈ ಉಪಕಾರ ಸಾಯೂತನಾ ಮರಿಯೂದಿಲ್ಲ,” ಎಂದು ಸುರಮಾದ ಕಡ್ಡಿ ಎತ್ತಿದಳು.

ವಿಭೂತಿ ಬಿಟ್ಟು ಬೇರೇನೂ ಹಚ್ಚದ ಮಾಸ್ತರರು ಚಷ್ಮಾ ತೆಗೆದು ಮುಖ ಒಡ್ಡಿದರು. ಕಣ್ಣಿಗೆ ಸುರಮಾ ಹಚ್ಚಿಸಿಕೊಂಡು ಹಾಗೇ ಶಾಲೆಗೆ ಬಂದರು. ನಾವು ಹುಡುಗರು ಬಿದ್ದು ಬಿದ್ದು ನಕ್ಕೆವು. ಅವರು ನಿವೃತ್ತರಾಗುವವರೆಗೂ ಪ್ರತಿ ಸಂತೆಯ ದಿನ ಇಸ್ಮತಬಿ ಹಚ್ಚುತ್ತಿದ್ದಳು, ಹುಡುಗರು ನಗುತ್ತಲೇ ಇದ್ದರು. ಮಾಸ್ತರರು ಒಮ್ಮೆಯೂ ಒರೆಸಿಕೊಳ್ಳಲಿಲ್ಲ.